ಒಂದೇ ಪಂಕ್ತಿಯಲ್ಲಿ ಕುಳಿತ ಮಕ್ಕಳು
(ಬಾಸೆಲ್ ಮಿಶನ್ ಶಾಲೆಗಳ ನೆರೆಪ್ರೀತಿಯ ಪಾಠ: ಒಂದು ಚಾರಿತ್ರಿಕ ಅವಲೋಕನ)

ನೇತ್ರಾವತಿಯಿಂದ ಕೋರಪುಳದವರೆಗಿನ ಕರಾವಳಿಯ ಚರಿತ್ರೆಯನ್ನು ಬರೆಯುವವರು ಬಾಸೆಲ್ ಮಿಶನ್ನಿನ ಪ್ರಕರಣಕ್ಕೆ ಬಂದಾಗ ಸಾಮಾನ್ಯವಾಗಿ ನಾಲ್ಕು ಸಂಗತಿಗಳನ್ನು ಹೇಳಿ ಮುಗಿಸುತ್ತಾರೆ: ಅಚ್ಚುಕೂಟ, ನಿಘಂಟು, ಹಂಚು, ಮಗ್ಗ. 1843ರ ಜುಲೈ 1ರಂದು ಹೊರಬಂದ 'ಮಂಗಳೂರು ಸಮಾಚಾರ' ಕನ್ನಡದ ಮೊದಲ ಪತ್ರಿಕೆ; 1847ರಲ್ಲಿ ತಲಶ್ಶೇರಿಯಿಂದ ಹೊರಟ 'ರಾಜ್ಯಸಮಾಚಾರಂ' ಮಲಯಾಳದ ಮೊದಲ ಪತ್ರಿಕೆ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿಯೂ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿಯೂ ಬಂದುವು. ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು. ಆದರೆ ಐದನೆಯ ಸಂಗತಿಯೊಂದಿದೆ. ಅದು ಅಚ್ಚುಮೊಳೆಯ ಹಾಗೆ ಕಣ್ಣಿಗೆ ಕಾಣುವಂಥದಲ್ಲ, ಹಂಚಿನ ಹಾಗೆ ಮುದ್ರೆಯೊತ್ತಿ ಮಾರಿದ್ದೂ ಅಲ್ಲ. ಮಿಶನ್ನಿನ ವಿದ್ಯಾರ್ಥಿನಿಲಯಗಳ ಊಟದ ಪಂಕ್ತಿಯೇ ಆ ಐದನೆಯ ಸಂಗತಿ. ಬೇರೆ ಬೇರೆ ಜಾತಿಗಳ ಮನೆಗಳಿಂದ ಬಂದ ಹುಡುಗರನ್ನು ಒಂದೇ ಸಾಲಿನಲ್ಲಿ ಕೂರಿಸಿ, ಒಂದೇ ಪಾತ್ರೆಯಿಂದ ಬಡಿಸಿ, 'ನಿನ್ನ ಪಕ್ಕದಲ್ಲಿ ಕುಳಿತವನು ನಿನ್ನ ಸಹೋದರ' ಎಂದು ಕಲಿಸಿದ ಆ ಪ್ರಯೋಗ ಎಷ್ಟರಮಟ್ಟಿಗೆ ಫಲಿಸಿತು, ಎಲ್ಲಿ ಸೋತಿತು ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ. ಮತಾಂತರದ ಸರಿತಪ್ಪುಗಳ ಚರ್ಚೆ ಇಲ್ಲಿನ ವಿಷಯವಲ್ಲ. ಅದಕ್ಕೆ ಬೇರೆ ವೇದಿಕೆಗಳಿವೆ, ಬೇರೆ ವಾಗ್ಮಿಗಳೂ ಇದ್ದಾರೆ.

ಅಂದಿನ ಸ್ಥಿತಿಯನ್ನು ನೆನಪಿಗೆ ತಂದುಕೊಳ್ಳದೆ ಈ ಪಂಕ್ತಿಯ ಮಹತ್ವ ಅರ್ಥವಾಗುವುದಿಲ್ಲ. ಮಲಯಾಳದಲ್ಲಿ 'ತೀಂಡಲ್' ಎಂಬ ಒಂದು ಮಾತಿದೆ. ಅದನ್ನು ಕನ್ನಡದಲ್ಲಿ ಅಸ್ಪೃಶ್ಯತೆ ಎಂದರೆ ಪೂರ್ತಿಯಾಗುವುದಿಲ್ಲ. ಮುಟ್ಟುವುದು ಹಾಗಿರಲಿ, ಹತ್ತಿರ ಬಂದರೇ ಮೈಲಿಗೆ. ಯಾವ ಜಾತಿಯವನು ಯಾವ ಜಾತಿಯವನಿಂದ ಎಷ್ಟು ಹೆಜ್ಜೆ ದೂರ ನಿಲ್ಲಬೇಕು ಎಂಬುದಕ್ಕೆ ಲೆಕ್ಕವಿತ್ತು. ನಾಯಾಡಿಗಳಂತೂ ದಾರಿಯಲ್ಲಿ ಕಾಣಿಸಿಕೊಳ್ಳುವುದೇ ಅಪರಾಧ. ಮಲಬಾರಿನ ಪುಲಯರು ಜಮೀನಿನೊಂದಿಗೆ ಕೈಬದಲಾಗುವ ಜೀತದಾಳುಗಳು. ಕೊಡಗಿನ ಹೊಲೆಯರ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ತುಳುನಾಡಿನಲ್ಲಿ ಕೊರಗರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ಕಾನೂನಿನ ಮೂಲಕ ನಿಷೇಧಿಸಲು ಕರ್ನಾಟಕಕ್ಕೆ 2000ನೆಯ ಇಸವಿಯವರೆಗೆ ಕಾಯಬೇಕಾಯಿತು ಎಂದರೆ ಉಳಿದದ್ದನ್ನು ಊಹಿಸಬಹುದು. ಇಂಥ ನೆಲದಲ್ಲಿ ಅನ್ನದ ಪಂಕ್ತಿ ಎಂಬುದು ಹಸಿವೆಯ ವಿಷಯವಾಗಿರಲಿಲ್ಲ. ಯಾರು ಯಾರ ಕೈಯಿಂದ ಉಣ್ಣಬಹುದು ಎಂಬುದೇ ಸಮಾಜದ ಸಂವಿಧಾನವಾಗಿತ್ತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಈ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಬಾಸೆಲಿನಿಂದ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. 1836ರಲ್ಲಿ ಭಾರತಕ್ಕೆ ಬಂದ ಹೆರ್ಮನ್ ಮೋಗ್ಲಿಂಗ್ ಮತ್ತು ಹೆರ್ಮನ್ ಗುಂಡರ್ಟ್ ಮಾತ್ರ ಟ್ಯುಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದ ಪಂಡಿತರು. ಆಗ ಮೋಗ್ಲಿಂಗರಿಗೆ 25 ವರ್ಷ, ಗುಂಡರ್ಟರಿಗೆ 22. ಹಾಗಾಗಿ ಬಂದವರೊಳಗೂ ಓದಿದವರು, ಓದದವರು ಎಂಬ ಒಂದು ಬಗೆಯ ಮೇಲುಕೀಳು ಇತ್ತು, ಆ ಕಾರಣದಿಂದ ಕಸಿವಿಸಿಗಳೂ ಆಗಿದ್ದುವು. ಪರದೇಶದಿಂದ ಬಂದವರೆಲ್ಲ ಸಮಾನತೆಯನ್ನು ಗಂಟು ಕಟ್ಟಿಕೊಂಡು ಹಡಗು ಹತ್ತಿದ್ದರು ಎಂದು ತಿಳಿಯಬೇಕಾಗಿಲ್ಲ. ಅವರೂ ಅದನ್ನು ಇಲ್ಲಿ ಬಂದು ಕಲಿಯಬೇಕಾಯಿತು.

ಗುಂಡರ್ಟರು ಮೊದಲು ಬಂದದ್ದು ಮದ್ರಾಸಿನ ಕಡೆಗೆ, ಬೇರೊಬ್ಬರ ಜತೆಗೆ. 1838ರಲ್ಲಿ ಮಂಗಳೂರಿನಲ್ಲಿದ್ದ ಗೆಳೆಯ ಮೋಗ್ಲಿಂಗರನ್ನು ನೋಡಲು ಬಂದವರು ಬಾಸೆಲ್ ಮಿಶನ್ನನ್ನು ಸೇರಿ, ಮರುವರ್ಷ ತಲಶ್ಶೇರಿಯ ಇಲ್ಲಿಕುನ್ನಿನಲ್ಲಿ ನೆಲೆಸಿದರು. ಒಬ್ಬರು ಕನ್ನಡಕ್ಕೆ, ಇನ್ನೊಬ್ಬರು ಮಲಯಾಳಕ್ಕೆ. ನಮ್ಮ ಈ ಎರಡು ಭಾಷೆಗಳ ಆಧುನಿಕ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಇಬ್ಬರು ಮಿತ್ರರ ನಡುವಿನ ಸ್ನೇಹದಿಂದ ಆರಂಭವಾಯಿತು ಎಂಬುದನ್ನು ಗಡಿನಾಡಿನವರಾದ ನಾವು ಮರೆಯಬಾರದು.

ಮೋಗ್ಲಿಂಗರಿಗೆ ಬೀದಿಯ ಉಪದೇಶದಲ್ಲಿ ನಂಬಿಕೆ ಕಡಿಮೆ. ಸಂತೆಯಲ್ಲಿ ನಿಂತು ಗಂಟಲು ಹರಿದುಕೊಂಡರೆ ಜನ ಕೇಳುತ್ತಾರೆ, ನಗುತ್ತಾರೆ, ಮನೆಗೆ ಹೋಗುತ್ತಾರೆ. ಮಕ್ಕಳ ಜತೆ ದಿನವಿಡೀ ಬಾಳಿದರೆ ಮಾತ್ರ ಏನಾದರೂ ಬದಲಾದೀತು ಎಂಬ ಅಭಿಪ್ರಾಯದಿಂದ ಅವರು ಮಂಗಳೂರಿನಲ್ಲಿ ಹುಡುಗರಿಗಾಗಿ ವಿದ್ಯಾರ್ಥಿನಿಲಯದ ಶಾಲೆಯನ್ನು ನಡೆಸಿದರು. ಹುಡುಗರೊಂದಿಗೇ ವಾಸ, ಅವರೊಂದಿಗೇ ಊಟ. ಇದೇ ಶಾಲೆಯಿಂದ ಮುಂದೆ 1847ರಲ್ಲಿ ಬಲ್ಮಠದ ಸೆಮಿನರಿ, ಎಂದರೆ ಉಪದೇಶಕರನ್ನು ತಯಾರಿಸುವ ವೇದಶಾಸ್ತ್ರ ಪಾಠಶಾಲೆ, ರೂಪುಗೊಂಡಿತು.

ಇಂಥ ಶಾಲೆಗೆ ಬಂದ ಮಕ್ಕಳಲ್ಲಿ ಬಿಲ್ಲವರಿದ್ದರು, ಮೀನುಗಾರರಿದ್ದರು, ಅನಾಥರಿದ್ದರು, ತೀರ ಕೆಳಗೆ ತಳ್ಳಲ್ಪಟ್ಟ ಜಾತಿಗಳವರೂ ಇದ್ದರು. ಬೋಧನೆಯ ಪಾಠಪಟ್ಟಿಯಲ್ಲಿ ಬೈಬಲು, ಕನ್ನಡ, ಗಣಿತ, ಭೂಗೋಳ ಎಲ್ಲ ಇದ್ದುವು. ಆದರೆ ನಿಜವಾದ ಪಾಠ ನಡೆಯುತ್ತಿದ್ದುದು ತರಗತಿಯ ಹೊರಗೆ. ಬಾವಿ ಒಂದೇ. ಅಡುಗೆ ಒಂದೇ. ಗುಡಿಸುವ, ನೀರು ಸೇದುವ ಕೆಲಸ ಸರದಿಯ ಪ್ರಕಾರ ಎಲ್ಲರಿಗೂ. ನೆರೆಯವನನ್ನು ಪ್ರೀತಿಸಬೇಕು ಎಂಬ ವಾಕ್ಯವನ್ನು ಬಾಯಿಪಾಠ ಮಾಡುವುದು ಹತ್ತು ವರ್ಷದ ಹುಡುಗನಿಗೆ ಕಷ್ಟವಲ್ಲ. ತಾಯಿ ಹುಟ್ಟಿದಂದಿನಿಂದ 'ಅವನ ನೆರಳು ತಾಗಬಾರದು' ಎಂದು ಕಲಿಸಿದ ಹುಡುಗನ ಪಕ್ಕದಲ್ಲಿ ಕುಳಿತು ತುತ್ತು ಎತ್ತುವುದು ಕಷ್ಟ. ಪ್ರೀತಿ ಎಂಬ ದೊಡ್ಡ ಮಾತು ಅನ್ನದ ತುತ್ತಿನಷ್ಟು ಚಿಕ್ಕದಾಗಿ ಗಂಟಲಲ್ಲಿ ಇಳಿಯಬೇಕಿತ್ತು.

ಈ ಪಾಠದ ಬೆಲೆ ಏನೆಂಬುದು 1844ರ ಜನವರಿಯಲ್ಲಿ ಮಂಗಳೂರಿನ ಜನರಿಗೆಲ್ಲ ತಿಳಿಯಿತು. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಕಲಿಯುತ್ತಿದ್ದ ಮೂವರು ಸಾರಸ್ವತ ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಪ್ರಮುಖರು 1825ರಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯರು. ಊರಿನಲ್ಲಿ ಗದ್ದಲವೆದ್ದಿತು. ಯುವಕರಿಗೆ ಸರಕಾರಿ ಅಧಿಕಾರಿಗಳ ರಕ್ಷಣೆ ಬೇಕಾಯಿತು. ಪಾಲಕರು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಕೌಂಡಿನ್ಯರಿಗೆ ಮನೆ, ಬಳಗ ಎರಡೂ ಎರವಾದುವು. ಚಿಕ್ಕಂದಿನಲ್ಲೇ ಮದುವೆಯಾಗಿದ್ದ ಹೆಂಡತಿಯೂ ದೂರವಾದಳು. ಅವರ ಮನೆಯವರ ದುಃಖವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಬದುಕಿದ್ದ ಮಗನನ್ನು ಸತ್ತಂತೆ ಎಣಿಸಬೇಕಾದ ಒಂದು ಕುಟುಂಬದ ನೋವು ಅದು. ಎಲ್ಲರನ್ನೂ ಪ್ರೀತಿಸುವ ಹಾದಿ ಹಿಡಿದವನು ಮೊದಲು ತನ್ನವರನ್ನೇ ಕಳೆದುಕೊಳ್ಳಬೇಕಾಯಿತು. ಈ ವಿಪರ್ಯಾಸ ಬಾಸೆಲ್ ಮಿಶನ್ನಿನ ಚರಿತ್ರೆಯ ಉದ್ದಕ್ಕೂ ಇದೆ.

1846ರಲ್ಲಿ ಕೌಂಡಿನ್ಯರು ಮೋಗ್ಲಿಂಗರೊಂದಿಗೆ ಬಾಸೆಲಿಗೆ ಹೋಗಿ ಅಲ್ಲಿಯ ಮಿಶನ್ ಮನೆಯಲ್ಲಿ ಓದಿದರು. 1851ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿ ಮಂಗಳೂರಿನ ಸೆಮಿನರಿಯಲ್ಲಿ ಬೋಧಕರಾದರು. ತಾವು ಹುಟ್ಟಿದ ಮನೆಯಲ್ಲಿ ಅಂಗಳಕ್ಕೂ ಬರಗೊಡದ ಜಾತಿಗಳ ಹುಡುಗರಿಗೆ ಅವರು ಗುರುಗಳಾದರು. ಈ ಒಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪಂಕ್ತಿಯ ಪಾಠ ಎಂದರೇನೆಂದು ತಿಳಿಯುತ್ತದೆ.

ಆದರೆ ಎಲ್ಲ ಕ್ರೈಸ್ತ ಸಭೆಗಳೂ ಹೀಗೆ ನಡೆದವು ಎಂದು ಭಾವಿಸಬಾರದು. ಈ ವಿಷಯದಲ್ಲಿ ದಕ್ಷಿಣ ಭಾರತದ ಕ್ರೈಸ್ತರೊಳಗೆ ನೂರಾರು ವರ್ಷಗಳ ವಾದವಿದೆ. 1706ರಲ್ಲಿ ತರಂಗಂಬಾಡಿಗೆ ಬಂದ ಲೂಥರನ್ ಪಾದ್ರಿಗಳು ಜಾತಿಯನ್ನು ಊರಿನ ರೂಢಿ ಎಂದು ಸಹಿಸಿಕೊಂಡರು. ಆರಾಧನೆಯಲ್ಲಿ ಬೇರೆ ಬೇರೆ ಕುಳಿತುಕೊಳ್ಳುವ ಪದ್ಧತಿ ಹೀಗೆ ಬೆಳೆಯಿತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ, ಸಭೆಯೊಳಗೆ ಜಾತಿ ಸಲ್ಲದು ಎಂದು ಕಟ್ಟುನಿಟ್ಟಿನ ಪತ್ರ ಬರೆದಾಗ ತಂಜಾವೂರಿನ ಅನೇಕ ವೆಳ್ಳಾಳ ಕ್ರೈಸ್ತರು ಪ್ರತಿಭಟಿಸಿದರು. ಅದಕ್ಕೂ ಮೊದಲು, 1829ರಲ್ಲಿ, ತಮಿಳಿನ ದೊಡ್ಡ ಕ್ರೈಸ್ತ ಕವಿ ವೇದನಾಯಕ ಶಾಸ್ತ್ರಿಗಳೇ ಹೊಸ ಪಾದ್ರಿಗಳ ವಿರುದ್ಧ ಬರೆದಿದ್ದರು. ಭಕ್ತಿ ಬೇರೆ, ಕುಲಾಚಾರ ಬೇರೆ ಎಂಬುದು ಅವರ ವಾದದ ತಿರುಳು. ತಿರುನೆಲ್ವೇಲಿಯ ವಡಕ್ಕನ್‌ಕುಳಂ ಎಂಬಲ್ಲಿ ಕೆಥೋಲಿಕ್ ಇಗರ್ಜಿಯೊಂದರೊಳಗೆ ವೆಳ್ಳಾಳರಿಗೂ ನಾಡಾರರಿಗೂ ನಡುವೆ ಗೋಡೆಯನ್ನೇ ಕಟ್ಟಿದ್ದರು. ಅದು ಬಿದ್ದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ.

ಮಧುರೆಯ ಅಮೆರಿಕನ್ ಮಿಶನ್ನಿನವರು 1847ರಲ್ಲಿ ಒಂದು ಪರೀಕ್ಷೆಯನ್ನು ತಂದರು. ಅದರ ಹೆಸರು ಪ್ರೇಮಭೋಜನ. ಸಭೆಯ ಕೆಲಸಗಾರರೂ ಸದಸ್ಯರೂ ಎಲ್ಲ ಜಾತಿಯವರೊಂದಿಗೆ ಕುಳಿತು ಉಂಡು ತಾವು ಜಾತಿ ಬಿಟ್ಟದ್ದನ್ನು ತೋರಿಸಬೇಕು. ಉಣ್ಣದವನಿಗೆ ಕೆಲಸವಿಲ್ಲ, ಸಭೆಯಲ್ಲಿ ಸ್ಥಾನವಿಲ್ಲ. ಅನೇಕರು ಸಭೆಯನ್ನೇ ಬಿಟ್ಟುಹೋದರು. 1850ರಲ್ಲಿ ಮದ್ರಾಸಿನ ಮಿಶನರಿಗಳ ಸಮ್ಮೇಳನವೂ ಇದೇ ನಿಲುವನ್ನು ತಾಳಿತು. ಲೀಪ್ಜಿಗಿನ ಲೂಥರನ್ನರು ಮಾತ್ರ ಒಪ್ಪಲಿಲ್ಲ. ಬಲವಂತದಿಂದ ಬಿಡಿಸಿದ ಜಾತಿ ಮನಸ್ಸಿನಲ್ಲಿ ಉಳಿದೇ ಉಳಿಯುತ್ತದೆ, ಕಾಲಕ್ರಮದಲ್ಲಿ ಒಳಗಿನಿಂದಲೇ ಕರಗಬೇಕು ಎಂಬುದು ಅವರ ಅಭಿಪ್ರಾಯ.

ಇಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ. ಪ್ರೀತಿಯನ್ನು ನಿಯಮ ಮಾಡಿ ಕಲಿಸಬಹುದೇ? ಊಟವನ್ನು ಪರೀಕ್ಷೆಯಾಗಿ ಮಾಡಿದರೆ ಅದು ಪ್ರೇಮಭೋಜನವೆನಿಸೀತೇ? ಲೂಥರನ್ನರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಚರಿತ್ರೆಯನ್ನು ನೋಡಿದರೆ, ತಾನಾಗಿ ಕರಗಲಿ ಎಂದು ಬಿಟ್ಟಲ್ಲಿ ಜಾತಿ ಕರಗಿದ್ದು ತೀರ ವಿರಳ. ಬಾಸೆಲಿನವರು ಹಿಡಿದದ್ದು ಇವೆರಡಕ್ಕೂ ನಡುವಿನ, ಆದರೆ ಕಟ್ಟುನಿಟ್ಟಿನ ದಾರಿ. ಸಭೆಯೊಳಗೆ ಜಾತಿಗೆ ಸ್ಥಾನವಿಲ್ಲ ಎಂಬ ನಿಯಮ ಸಡಿಲಾಗಲಿಲ್ಲ. ಆದರೆ ನಲವತ್ತು ವರ್ಷದ ಗೃಹಸ್ಥನನ್ನು ಒಂದು ದಿನ ಪಂಕ್ತಿಗೆ ಎಳೆದು ಕೂರಿಸುವುದಕ್ಕಿಂತ, ಹುಡುಗರು ವರ್ಷಗಟ್ಟಲೆ ಒಟ್ಟಿಗೆ ಉಂಡು, ಮಲಗಿ, ಜಗಳವಾಡಿ, ರಾಜಿಯಾಗಿ ಬೆಳೆಯುವುದು ಹೆಚ್ಚು ಫಲಕಾರಿ ಎಂದು ಅವರ ಶಾಲೆಗಳು ತೋರಿಸಿದುವು. ಒಂದು ದಿನದ ಪರೀಕ್ಷೆಯಲ್ಲಿ ಸಿಗದ್ದು ದಿನದಿನದ ರೂಢಿಯಲ್ಲಿ ಸಿಕ್ಕಿತು.

ಮಲಬಾರಿನ ಕಡೆಗೆ ಬಂದರೆ, ಇಲ್ಲಿಕುನ್ನಿನಲ್ಲಿ ಗುಂಡರ್ಟರ ಪತ್ನಿ ಜೂಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸುತ್ತಿದ್ದರು. (1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಈ ದಂಪತಿಗಳ ಮಗಳು ಮೇರಿಯೇ ಮುಂದೆ ಜರ್ಮನ್ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿ.) ಅಂಜರಕಂಡಿಯ ಬ್ರೌನ್ ಮನೆತನದ ತೋಟದಲ್ಲಿದ್ದ ಪುಲಯ ಜೀತದಾಳುಗಳ ನಡುವೆಯೂ ಗುಂಡರ್ಟರ ಕಾಲದಲ್ಲಿ ಬೋಧನೆ ನಡೆದು, ಅಲ್ಲೊಂದು ಸಭೆ ಹುಟ್ಟಿತು. 1843ರ 5ನೆಯ ಕಾಯಿದೆ ಜೀತವನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದೆಂದು ಹೇಳಿದ ಕಾಲವದು. ಕಾಯಿದೆ ಸಂಕೋಲೆಯನ್ನು ಬಿಚ್ಚಬಲ್ಲುದು. ಪಕ್ಕದಲ್ಲಿ ಕುಳಿತುಕೋ ಎಂದು ಕರೆಯಲಾರದು. ಆ ಕರೆ ಬರಬೇಕಾದದ್ದು ಮನುಷ್ಯರಿಂದ.

ಈ ಕರೆಯನ್ನು ಮಲಬಾರಿನ ಕ್ರೈಸ್ತೇತರರು ಹೇಗೆ ಕಂಡರು ಎಂಬುದಕ್ಕೆ ಸಾಕ್ಷಿ 1892ರಲ್ಲಿ ಪ್ರಕಟವಾದ 'ಸರಸ್ವತೀವಿಜಯಂ' ಎಂಬ ಮಲಯಾಳ ಕಾದಂಬರಿ. ಬರೆದವರು ಕಣ್ಣೂರಿನ ವಕೀಲರಾದ ಪೋತ್ತೇರಿ ಕುಞಂಬು. ತೀಯ ಸಮಾಜದವರು, ಕ್ರೈಸ್ತರಲ್ಲ. ಪುಲಯ ಮಕ್ಕಳಿಗಾಗಿ ಶಾಲೆಯನ್ನು ನಡೆಸಿದವರು. ಕಾದಂಬರಿಯಲ್ಲಿ ಕುಬೇರನ್ ನಂಬೂದಿರಿಯ ಕಿವಿಗೆ ಬೀಳುವಂತೆ ಹಾಡಿದ ತಪ್ಪಿಗಾಗಿ ಮರತ್ತನ್ ಎಂಬ ಪುಲಯ ಹುಡುಗನನ್ನು ಒದೆಯಲಾಗುತ್ತದೆ. ಅವನು ಸತ್ತನೆಂದೇ ಎಲ್ಲರೂ ನಂಬುತ್ತಾರೆ. ಬದುಕುಳಿದ ಹುಡುಗ ಮಿಶನ್ ಶಾಲೆಯಲ್ಲಿ ಕಲಿತು ಯೇಸುದಾಸನ್ ಎಂಬ ನ್ಯಾಯಾಧೀಶನಾಗುತ್ತಾನೆ. ಕೊನೆಗೆ ಅದೇ ನಂಬೂದಿರಿಯ ಮೊಕದ್ದಮೆ ಅವನ ಮುಂದೆ ಬರುತ್ತದೆ. ನಂಬೂದಿರಿಯ ಮೊಮ್ಮಗಳು ಸರಸ್ವತಿಯನ್ನು ಅವನು ಮದುವೆಯಾಗುತ್ತಾನೆ. ಕಥೆಯ ಹೆಣಿಗೆಯಲ್ಲಿ ಆಕಸ್ಮಿಕಗಳು ಹೆಚ್ಚಾಯಿತೆಂದು ವಿಮರ್ಶಕರು ಹೇಳಬಹುದು. ಆದರೆ ಜೀತದ ಹುಡುಗನೊಬ್ಬ ನ್ಯಾಯಪೀಠದಲ್ಲಿ ಕುಳಿತು, ತನ್ನನ್ನು ಸಾಯಿಸಹೊರಟವರ ಎದುರು ಸೇಡಿನ ಮಾತಾಡದೆ ನ್ಯಾಯದ ಮಾತಾಡುವ ಚಿತ್ರವನ್ನು 1892ರಲ್ಲಿ ಊಹಿಸಲು ಎದೆಗಾರಿಕೆ ಬೇಕಿತ್ತು. ಏಳು ವರ್ಷಗಳ ಬಳಿಕ, 1899ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲೇ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಅಚ್ಚಾಯಿತು. ಅಲ್ಲಿಯೂ ವಿದ್ಯೆಯಿಂದ ಬಿಡುಗಡೆ ಎಂಬುದೇ ವಿಷಯ. ಆದರೆ ಅಲ್ಲಿಯ ಬಿಡುಗಡೆ ಬಾಲವಿಧವೆಯದು. ಕಾಸರಗೋಡಿನ ಎರಡು ಮಗ್ಗುಲಿನ ಈ ಎರಡು ಕಾದಂಬರಿಗಳನ್ನು ಒಟ್ಟಿಗೆ ಓದಬೇಕಾದವರು ನಾವು, ಎರಡು ಭಾಷೆ ಬಲ್ಲವರು.

ನನ್ನಂಥ ಬ್ಯಾಂಕಿನ ಗುಮಾಸ್ತನಿಗೆ ಯಾವ ಆದರ್ಶವನ್ನು ಕಂಡರೂ ಮೊದಲು ಹೊಳೆಯುವ ಪ್ರಶ್ನೆ: ಇದರ ಖರ್ಚು ಯಾರ ಖಾತೆಗೆ? ಪ್ರೀತಿಗೂ ಜಮಾ ಖರ್ಚು ಇದೆ. ಜಾತಿ ಬಿಟ್ಟವನಿಗೆ ಕುಟುಂಬದ ಆಸ್ತಿಯಲ್ಲಿ ಪಾಲು ಹೋಗುತ್ತಿತ್ತು. 1850ರ 21ನೆಯ ಕಾಯಿದೆ ಬಂದು ಹಕ್ಕನ್ನು ಉಳಿಸಿತಾದರೂ, ಕಾಗದದಲ್ಲಿ ಉಳಿದ ಹಕ್ಕನ್ನು ಕೈಗೆ ತರುವುದು ಎಲ್ಲರಿಂದ ಆಗುವ ಕೆಲಸವಲ್ಲ. ಗೇಣಿದಾರನಿಗೆ ಧನಿ ಭೂಮಿ ಬಿಡಿಸಿದರೆ ಅಲ್ಲಿಗೆ ಮುಗಿಯಿತು. ಬಿಲ್ಲವರಿಗೂ ತೀಯರಿಗೂ ಇನ್ನೊಂದು ಕಷ್ಟ: ಮೂರ್ತೆ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಹೊಸ ಪಂಕ್ತಿಯಲ್ಲಿ ಕುಳಿತವನಿಗೆ ಹಳೆಯ ಮನೆಯಲ್ಲಿ ಅನ್ನವಿಲ್ಲ ಎಂದಾದ ಮೇಲೆ ಅನ್ನದ ದಾರಿಯನ್ನೂ ತೋರಿಸಬೇಕಾಯಿತು. ಕೈಗಾರಿಕೆಗಳು ಹುಟ್ಟಿದ್ದು ಹೀಗೆ. 1851ರಲ್ಲಿ ಹಾಲರ್ ಮಂಗಳೂರಿಗೆ ಬಂದು ನೇಯ್ಗೆಯನ್ನು ವ್ಯವಸ್ಥಿತಗೊಳಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆ ಬಳಿಕ ಕಲ್ಲಿಕೋಟೆ, ಕೋಡಕ್ಕಲ್, ಮಲ್ಪೆ ಮುಂತಾದಲ್ಲಿ ಕಾರ್ಖಾನೆಗಳೆದ್ದುವು.

ಮಗ್ಗದ ಮನೆಯಲ್ಲಿ, ಆವೆಯ ಬಳಿಯಲ್ಲಿ ಪಂಕ್ತಿಯ ಪಾಠ ಮುಂದುವರಿಯಿತು. ನೂಲಿಗೆ ಜಾತಿಯಿಲ್ಲ, ಇವನು ಮುಟ್ಟಿದ ಮಣ್ಣನ್ನೇ ಅವನು ಅಚ್ಚಿಗೆ ಹಾಕಬೇಕು. ಕಾಲಕ್ರಮದಲ್ಲಿ ಈ ಕಾರ್ಖಾನೆಗಳಲ್ಲಿ ಹಿಂದುಗಳಿಗೂ ಮುಸಲ್ಮಾನರಿಗೂ ಕೆಲಸ ಸಿಕ್ಕಿತು. ಒಂದು ಕಾಲಕ್ಕೆ ಮಲಬಾರಿನಲ್ಲಿ ಮನೆಗೆ ಹಂಚು ಹೊದಿಸುವುದೂ ಅರಸರ, ದೇವಸ್ಥಾನಗಳ ಹಕ್ಕಾಗಿತ್ತು, ಉಳಿದವರಿಗೆ ಮುಳಿಹುಲ್ಲು, ಮಡಲು. ಅಂಥಲ್ಲಿ ಕಾಸು ಕೊಟ್ಟವರಿಗೆಲ್ಲ ಸಿಗುವ ಕೆಂಪು ಹಂಚು ಸದ್ದಿಲ್ಲದೆ ಮಾಡಿದ ಸಮಾನತೆಯ ಕೆಲಸವೂ ಇದೆ. ಆದರೆ ಖಾತೆಯ ಇನ್ನೊಂದು ಬದಿಯನ್ನೂ ನೋಡಬೇಕು. ಪೂಜೆಯ ಗುರು, ಶಾಲೆಯ ಮೇಷ್ಟ್ರು, ಕಾರ್ಖಾನೆಯ ಧನಿ ಎಲ್ಲ ಒಬ್ಬನೇ ಆದಾಗ ಸಭೆಯವರು ಮಿಶನ್ನಿನ ಆಶ್ರಿತರಾದರು. ಪ್ರೀತಿಯಿಂದ ಕೊಟ್ಟದ್ದೂ ಋಣವಾಗಿ ಪರಿಣಮಿಸಿತು. ಋಣದಲ್ಲಿರುವವನು ಪ್ರೀತಿಗೆ ಸರಿಸಮಾನವಾಗಿ ಉತ್ತರ ಕೊಡುವುದು ಕಷ್ಟ.

ಅಧಿಕಾರದ ವಿಷಯದಲ್ಲಿ ಈ ಕೊರತೆ ಇನ್ನೂ ಸ್ಪಷ್ಟ. ಇಲ್ಲಿನ ಜಾತಿಗಳನ್ನು ಒಂದು ಪಂಕ್ತಿಗೆ ತಂದವರು, ಯುರೋಪಿನವರೂ ಇಲ್ಲಿಯವರೂ ಎಂಬ ಪಂಕ್ತಿಭೇದವನ್ನು ಅಷ್ಟು ಬೇಗ ಬಿಡಲಿಲ್ಲ. ಸಭೆಯ ಆಡಳಿತದ ಮುಖ್ಯ ಸೂತ್ರಗಳು 1914ರ ಮಹಾಯುದ್ಧದವರೆಗೆ ವಿದೇಶೀಯರ ಕೈಯಲ್ಲೇ ಇದ್ದುವು. ಯುದ್ಧದಲ್ಲಿ ಜರ್ಮನರನ್ನು ಬ್ರಿಟಿಷ್ ಸರಕಾರ ಬಂಧಿಸಿ ಹೊರಗೆ ಕಳುಹಿಸಿದ ಮೇಲೆಯೇ ಸ್ಥಳೀಯರ ಮೇಲೆ ಭಾರ ಬಿದ್ದಿತು. ಭಾರ ಬಿದ್ದಾಗ ಅವರು ಹೊತ್ತರು ಎಂಬುದು, ಮೊದಲೇ ಕೊಟ್ಟಿದ್ದರೂ ಹೊರುತ್ತಿದ್ದರು ಎಂಬುದಕ್ಕೆ ಪುರಾವೆ.

ಈ ಸಾಲಿನಲ್ಲಿ ಕೌಂಡಿನ್ಯರ ಬದುಕು ಒಂದು ಅಪವಾದ. 1860ರಲ್ಲಿ ಅವರು ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ಆಳುವವರೂ ಆಳಿಸಿಕೊಳ್ಳುವವರೂ ದೂರ ದೂರ ಇರುತ್ತಿದ್ದ, 1857ರ ದಂಗೆಯ ಕಹಿ ಇನ್ನೂ ಆರದ ಕಾಲದಲ್ಲಿ ಅದು ಸಾಮಾನ್ಯ ಸಂಗತಿಯಲ್ಲ. ಇದಕ್ಕಿಂತಲೂ ದೊಡ್ಡ ಮಾತು ಕೊಡಗಿನದು. 1853ರಲ್ಲಿ ಮೋಗ್ಲಿಂಗರು ಅಲ್ಮಂಡ ಮನೆತನದ ಕೊಡವನೊಬ್ಬನ ನಿಮಿತ್ತ ಕೊಡಗಿಗೆ ಹೋದರು. ಕೊಡವರ ನಡುವೆ ದೊಡ್ಡ ಸಭೆಯೇನೂ ಬೆಳೆಯಲಿಲ್ಲ. ಬಂದವರು ಕೊಡವರ ಗದ್ದೆಗಳಲ್ಲಿ ದುಡಿಯುತ್ತಿದ್ದ ಹೊಲೆಯರು. ಅವರಿಗಾಗಿ ಅಮ್ಮತ್ತಿಯ ಸಮೀಪ ಆನಂದಪುರವೆಂಬ ಹೊಸ ಹಳ್ಳಿ ಎದ್ದಿತು. ಆ ಕೆಲಸದಲ್ಲಿ ಕೌಂಡಿನ್ಯರ ಪಾಲೂ ಇತ್ತು. ಸಾರಸ್ವತ ಬ್ರಾಹ್ಮಣರ ಮನೆಯ ಮಗ ಹೊಲೆಯರ ಹಳ್ಳಿಗೆ ನೆರವಾದದ್ದು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗಾದರೂ ಅರ್ಹವಾದ ವಿಷಯ.

ಪಂಕ್ತಿಯ ಪಾಠ ಕಲಿತ ಮುಂದಿನ ತಲೆಮಾರಿನವರಲ್ಲಿ ಕನ್ನಡಿಗರೆಲ್ಲ ಬಲ್ಲ ಒಬ್ಬರು ರೆವರೆಂಡ್ ಚನ್ನಪ್ಪ ಉತ್ತಂಗಿಯವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಇದೇ ಸೆಮಿನರಿಯಲ್ಲಿ ಓದಿ, ಬಾಸೆಲ್ ಮಿಶನ್ನಿನ ಪಾದ್ರಿಯಾದರು. ಉತ್ತಂಗಿಯವರ ವಿಶೇಷವೆಂದರೆ, ಪ್ರೀತಿಸಬೇಕಾದರೆ ಮೊದಲು ಅರಿಯಬೇಕು ಎಂದು ಅವರು ತಿಳಿದದ್ದು. ಹಳ್ಳಿ ಹಳ್ಳಿ ತಿರುಗಿ ಜನರ ನಾಲಗೆಯ ಮೇಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಶರಣರ ವಚನಗಳನ್ನು ಲಿಂಗಾಯತ ವಿದ್ವಾಂಸರಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಿದರು. 1921ರಲ್ಲಿ ಬರೆದ 'ಬನಾರಸಕ್ಕೆ ಬೆತ್ಲೆಹೇಮದ ವಿನಂತಿ'ಯಲ್ಲಿ, ಈ ನಾಡಿನ ಧರ್ಮವನ್ನು ಹಳಿಯದೆ ಅದರೊಂದಿಗೆ ಮಾತಾಡುವ ಬಗೆಯನ್ನು ತೋರಿಸಿದರು. ಮಿಶನ್ನಿನ ಮೇಲಿನವರಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ಕನ್ನಡಿಗರು ಮಾತ್ರ 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಅವರನ್ನು ಕೂರಿಸಿದರು. ಶಾಲೆಯ ಪಂಕ್ತಿಯಲ್ಲಿ ಇತರರೊಂದಿಗೆ ಉಂಡ ಹುಡುಗ, ದೊಡ್ಡವನಾದ ಮೇಲೆ ಇತರರ ಮನೆಯ ಅನ್ನವನ್ನೂ ಗೌರವದಿಂದ ಉಂಡ ಎನ್ನಬಹುದು. ಮೊದಲಿನ ಪಾಠಕ್ಕಿಂತ ಇದು ಒಂದು ಹೆಜ್ಜೆ ಮುಂದೆ.

ಕೈ ಚಾಚುವ ಕೆಲಸ ಒಂದೇ ದಿಕ್ಕಿನಿಂದ ನಡೆಯಲಿಲ್ಲ. 1859ರಲ್ಲಿ ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಕುದ್ಮಲ್ ರಂಗರಾಯರು ವಕೀಲರಾಗಿ ಮಂಗಳೂರಿಗೆ ಹೋಗಿ, 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿ.ಸಿ.ಎಂ. ಎಂದು ಪ್ರಸಿದ್ಧವಾದ ಸಂಸ್ಥೆಯನ್ನು ಕಟ್ಟಿದರು. ಅವರು ಬ್ರಹ್ಮಸಮಾಜದವರು, ಯಾವ ಮಿಶನ್ನಿಗೂ ಸೇರಿದವರಲ್ಲ. ಸ್ವಜಾತಿಯವರ ಬಹಿಷ್ಕಾರವನ್ನು ಅವರೂ ಉಂಡರು. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ವಸ್ತುವಾಗಿಟ್ಟು 'ಗೊಲ್ಗೊಥಾ' ಖಂಡಕಾವ್ಯವನ್ನು ಬರೆದರು. ಒಬ್ಬರು ದಲಿತರ ಕೇರಿಗೆ ನಡೆದರು, ಒಬ್ಬರು ಕಾವ್ಯದಲ್ಲಿ ಕಲ್ವಾರಿಯ ಬೆಟ್ಟಕ್ಕೆ ನಡೆದರು. ಯಾರೂ ತಮ್ಮ ಮನೆಯನ್ನು ಬಿಟ್ಟು ಹೋಗಬೇಕಾಗಿ ಬರಲಿಲ್ಲ. ಕೌಂಡಿನ್ಯರ ಕಾಲದಲ್ಲಿ ಆಗದಿದ್ದ ಮಾತು ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಸಾಧ್ಯವಾಯಿತು.

ಇನ್ನು ಸೋಲಿನ ಲೆಕ್ಕ. ಕೇರಳದ ದಕ್ಷಿಣ ಭಾಗದಲ್ಲಿ ಪೊಯ್ಗಯಿಲ್ ಯೋಹನ್ನಾನ್ (1879-1939) ಎಂಬ ಪರಯ ಉಪದೇಶಿ, ಸಭೆಯೊಳಗೂ ತನ್ನ ಜನ ಹೊರಗಿನವರಾಗಿಯೇ ಉಳಿದದ್ದನ್ನು ಕಂಡು ಬೇಸತ್ತು, 1909ರಲ್ಲಿ ಪ್ರತ್ಯಕ್ಷ ರಕ್ಷಾ ದೈವಸಭೆಯನ್ನು ಸ್ಥಾಪಿಸಿದರು. ಬೇರೆ ಸಭೆಯ ಕಥೆ ಅದು ಎಂದು ನಮ್ಮ ಕಡೆಯವರು ನೆಮ್ಮದಿಯಾಗಿರುವಂತಿಲ್ಲ. ಪಂಕ್ತಿಯಲ್ಲಿ ಕರಗಿದ ಜಾತಿ ಮದುವೆಯ ಮಾತುಕತೆಯಲ್ಲಿ ತಲೆಯೆತ್ತುವುದನ್ನು ಎಲ್ಲ ಸಭೆಗಳವರೂ ಬಲ್ಲರು. ಭಾನುವಾರದ ಪತ್ರಿಕೆಯ ವಧೂವರರ ಅಂಕಣವನ್ನು ನೋಡಿದರೆ, ಮತ ಯಾವುದಾದರೇನು, ಹಳೆಯ ಲೆಕ್ಕಪುಸ್ತಕವನ್ನು ಯಾರೂ ಹರಿದು ಹಾಕಿಲ್ಲವೆಂದು ತಿಳಿಯುತ್ತದೆ. ಸರಕಾರದ ನ್ಯಾಯ ಇನ್ನೊಂದು ಬಗೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದುಗಳಿಗೆ ಮಾತ್ರ. 1956ರಲ್ಲಿ ಸಿಕ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತ ದಲಿತರನ್ನು ಸೇರಿಸಿಲ್ಲ. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂಬುದು ಕಾಯಿದೆಯ ನಂಬಿಕೆ. ಬಾಸೆಲಿನ ಶಾಲೆಗಳು ಕಲಿಸಿದ ಪಾಠ ಕಾಗದದ ಮೇಲೆ ಪೂರ್ತಿ ಗೆದ್ದಿದೆ, ಬೀದಿಯಲ್ಲಿ ಅರ್ಧಕ್ಕೆ ನಿಂತಿದೆ. ಆ ಎರಡರ ನಡುವೆ ಸಿಕ್ಕಿದವರು ಅಂಜರಕಂಡಿಯ, ಆನಂದಪುರದ ಜನರ ಮೊಮ್ಮಕ್ಕಳಂಥವರು.

ಹಾಗಾದರೆ ಆ ಪಂಕ್ತಿ ವ್ಯರ್ಥವಾಯಿತೇ? ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ಇಂದು ನಮ್ಮ ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಎಲ್ಲ ಮಕ್ಕಳೂ ಒಟ್ಟಿಗೆ ಕುಳಿತುಕೊಳ್ಳುವುದು ಯಾರಿಗೂ ಸುದ್ದಿಯಲ್ಲ. 1840ರ ಸುಮಾರಿಗೆ ಅದು ಊರನ್ನೇ ಅಲುಗಿಸುವ ಸುದ್ದಿಯಾಗಿತ್ತು. ಸುದ್ದಿಯಾಗಿದ್ದುದು ಸುದ್ದಿಯಲ್ಲದೆ ಹೋಗುವುದೇ ಸಮಾಜದ ಮುನ್ನಡೆಯ ಗುರುತು. ಅದು ಯಾರ ಒಬ್ಬರ ಸಾಧನೆಯೂ ಅಲ್ಲ. ಮಿಶನ್ನಿನ ಶಾಲೆಗಳು, ರಂಗರಾಯರಂಥವರು, ಶ್ರೀನಾರಾಯಣಗುರುಗಳ ಚಳವಳಿ, ಸ್ವಾತಂತ್ರ್ಯ ಹೋರಾಟ, ಸಂವಿಧಾನ ಎಲ್ಲ ಸೇರಿ ಹಾಕಿದ ಎಲೆ ಅದು.

ಗಡಿನಾಡಿನವರಾದ ನಮಗೆ ಇದರಲ್ಲಿ ಇನ್ನೊಂದು ಪಾಠವೂ ಇದೆ. 1956ರ ನವೆಂಬರ್ 1ರ ಬಳಿಕ ನಮ್ಮ ಮಕ್ಕಳ ನಡುವೆ ಭಾಷೆಯ ಗೆರೆಯೊಂದು ಎದ್ದುಕಂಡಿತು. ಕಾಸರಗೋಡಿನ ಬಿ.ಇ.ಎಂ. ಶಾಲೆಯೂ ಸೇರಿದಂತೆ ಈ ಕಡೆಯ ಎಷ್ಟೋ ಶಾಲೆಗಳಲ್ಲಿ ಕನ್ನಡ, ಮಲಯಾಳ ಎರಡು ಮಾಧ್ಯಮಗಳಿದ್ದು, ಒಂದೇ ಅಂಗಳದಲ್ಲಿ ಮಕ್ಕಳು ಆಡುತ್ತ ಬೆಳೆದಿದ್ದಾರೆ. ಕನ್ನಡದ ಹಕ್ಕಿಗಾಗಿ ನಾವು ನ್ಯಾಯವಾಗಿ ವಾದಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗೆ ವಾದಿಸುವಾಗಲೂ, ಮಂಗಳೂರಿನಲ್ಲಿ ಕುಳಿತು ಕನ್ನಡಕ್ಕೆ ದುಡಿದವನೂ ಇಲ್ಲಿಕುನ್ನಿನಲ್ಲಿ ಕುಳಿತು ಮಲಯಾಳಕ್ಕೆ ದುಡಿದವನೂ ಸ್ನೇಹಿತರಾಗಿದ್ದರು ಎಂಬುದು ನೆನಪಿರಲಿ. ಹಕ್ಕನ್ನು ಕಾಯಿದೆ ಕೊಡುತ್ತದೆ. ಪಕ್ಕದಲ್ಲಿ ಜಾಗ ಬಿಟ್ಟು 'ಬಾ, ಕುಳಿತುಕೋ' ಎನ್ನುವ ಮಾತನ್ನು ಮಕ್ಕಳಿಗೆ ಕಲಿಸಬೇಕಾದವರು ಮನೆಯವರು, ಮೇಷ್ಟ್ರುಗಳು. ಆ ಪಾಠವನ್ನು ಪ್ರತಿಯೊಂದು ತಲೆಮಾರೂ ಮೊದಲಿನಿಂದಲೇ ಕಲಿಯಬೇಕಾಗುತ್ತದೆ.